ಸೈಟು ಈಗಲೇ ಮಾರಬೇಡಿ

ಅಯೋವಾ, ಅಮೆರಿಕ
9 ಫೆಬ್ರವರಿ 1991, ಶನಿವಾರ

ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು. ನಾನು ಕ್ಷೇಮ. ಅಕ್ಕ, ಪುಟ್ಟಿ ಎಲ್ಲರೂ ಕ್ಷೇಮ ಎಂದುಕೊಂಡಿದ್ದೇನೆ.

ಅಪ್ಪ, ನೀವು ಜನವರಿ 20ಕ್ಕೆ ಬರೆದ ಕಾಗದ ಈ ಸೋಮವಾರ ಬಂತು. ಮೊದಲನೇ ಪುಟದಲ್ಲೇ ಮೂರು ಸಲ ‘ತಕ್ಷಣ ಹೊರಟು ಬಾ’ ಅಂತ ಬರೆದಿದ್ದೀರಿ. ದಯವಿಟ್ಟು ಗಾಬರಿ ಆಗಬೇಡಿ. ಅಟ್ಲಾಸ್ ತೆಗೆದು ನೋಡಿ. ಕುವೈತನ್ನು ನುಂಗಿದ ಇರಾಕಿನ ಮೇಲೆ ಅಮೆರಿಕದವರ ಯುದ್ಧ ನಡೆಯುತ್ತಿರುವ ಜಾಗಕ್ಕೆ ಈ ಊರಿಗಿಂತ ಮೈಸೂರೇ ಹತ್ತಿರ. ಹೆದರಬೇಕಾದರೆ ನಾನು ನಿಮ್ಮ ಬಗ್ಗೆ ಹೆದರಬೇಕು! ಇಲ್ಲಿ ಸುತ್ತ ಹತ್ತು ಮೈಲಿ ಜೋಳದ ಹೊಲ, ಅದರ ಮೇಲೆ ಹಿಮ. ಈ ರಾಜ್ಯದಲ್ಲಿ ಜನರಿಗಿಂತ ಹಂದಿಗಳೇ ಜಾಸ್ತಿ. ಇರಾಕಿನ ಸದ್ದಾಂ ಇಲ್ಲಿಗೆ ಬಂದು ಏನು ಮಾಡುತ್ತಾನೆ?

ಅಜ್ಜಿಗೆ ಇನ್ನೊಂದು ವಿಷಯ ಬಿಡಿಸಿ ಹೇಳಿ. ನನ್ನನ್ನು ಯಾರೂ ಸೈನ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಇವರು ಕಡ್ಡಾಯದ ಸೇನಾ ಭರ್ತಿಯನ್ನು 1973ರಲ್ಲೇ ನಿಲ್ಲಿಸಿದ್ದಾರೆ. 18 ತುಂಬಿದ ಹುಡುಗರು ಪೋಸ್ಟ್ ಆಫೀಸಿಗೆ ಹೋಗಿ ಹೆಸರು ಬರೆಸಬೇಕು, ಅಷ್ಟೇ. ನನ್ನ ಹಾಗೆ ವೀಸಾದಲ್ಲಿ ಬಂದ ವಿದ್ಯಾರ್ಥಿಗಳಿಗೆ ಅದೂ ಇಲ್ಲ. ಆದರೆ ನನ್ನ ಕ್ಲಾಸಿನ ಹುಡುಗರಿಗೆ ಒಳಗೊಳಗೇ ಭಯ ಇದೆ. ಲಾಕರ್ ಹತ್ತಿರ ನಿಂತು ತಮಾಷೆ ಮಾಡುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ.

ಯುದ್ಧ ಶುರುವಾದಾಗ ಇಲ್ಲಿ ಜನವರಿ 16ನೇ ತಾರೀಖು ಬುಧವಾರ ಸಂಜೆ ಆರು ಗಂಟೆಯೂ ಆಗಿರಲಿಲ್ಲ. ಊಟಕ್ಕೆ ಕೂರುವ ಹೊತ್ತು. ಟಿವಿಯಲ್ಲಿ ಬಾಗ್ದಾದಿನ ಹೋಟೆಲಿನಿಂದ ಸಿಎನ್‌ಎನ್ ವರದಿಗಾರರು ಮಾತಾಡುತ್ತಿದ್ದರು, ಚಿತ್ರ ಇಲ್ಲ, ಬರೀ ದನಿ. ಇಲ್ಲಿನ ಅಮ್ಮ, ಅಂದರೆ ನಾನು ಉಳಿದುಕೊಂಡಿರುವ ಮನೆಯವರು, ಸೌಟು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಅವರ ದೊಡ್ಡ ಮಗ ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೇನೆಯಲ್ಲಿದ್ದಾನೆ ಅಂತ ಹಿಂದೆ ಬರೆದಿದ್ದೆನಲ್ಲ, ಅವನನ್ನು ನವೆಂಬರಿನಲ್ಲಿ ಕರೆಸಿಕೊಂಡರು. ಈಗ ಸೌದಿಯಲ್ಲಿದ್ದಾನೆ. ಲಾರಿ ಓಡಿಸುವ ಕೆಲಸ. ನಾನು ಮಲಗುತ್ತಿರುವುದು ಅವನ ಕೋಣೆಯಲ್ಲೇ. ಗೋಡೆಯ ಮೇಲೆ ಅವನ ಬೇಸ್‌ಬಾಲ್ ಪಟಗಳು ಹಾಗೇ ಇವೆ. ಯುದ್ಧಕ್ಕೆ ಹೋದವರು ಕ್ಷೇಮವಾಗಿ ವಾಪಸ್ ಬರಲಿ ಅಂತ ಮನೆ ಮುಂದಿನ ಮರಕ್ಕೆ ಹಳದಿ ರಿಬ್ಬನ್ ಕಟ್ಟಿದ್ದಾರೆ. ಈ ಬೀದಿಯಲ್ಲಿ ಎಲ್ಲ ಮನೆಯ ಮುಂದೂ ಅದೇ. ಮೊದಲು ನೋಡಿದಾಗ ಯಾರದೋ ಮದುವೆ ಇರಬೇಕು ಅಂದುಕೊಂಡೆ.

ಸ್ಕೂಲಿನ ವಿಷಯ ಕೇಳಿದ್ದೀರಿ. ಸ್ಕೂಲು ಮಾಮೂಲಿನಂತೆ ನಡೀತಿದೆ. ಇಲ್ಲಿ ಮೇಷ್ಟ್ರು ಕ್ಲಾಸಿಗೆ ಬರುವುದಿಲ್ಲ, ನಾವೇ ಅವರ ಕೋಣೆಗೆ ಓಡಬೇಕು. ಒಂದು ಬೆಲ್ಲಿಗೂ ಇನ್ನೊಂದಕ್ಕೂ ನಡುವೆ ಐದೇ ನಿಮಿಷ. ಬೆಳಿಗ್ಗೆ ಎಲ್ಲರೂ ಎದ್ದು ಎದೆ ಮೇಲೆ ಕೈ ಇಟ್ಟು ಬಾವುಟಕ್ಕೆ ಪ್ರತಿಜ್ಞೆ ಹೇಳುತ್ತಾರೆ. ನಾನು ಎದ್ದು ನಿಲ್ಲುತ್ತೇನೆ, ಕೈ ಇಡುವುದಿಲ್ಲ. ಯಾರೂ ಏನೂ ಅಂದಿಲ್ಲ. ಆಮೇಲೆ ಕ್ಲಾಸಿನಲ್ಲೇ ಟಿವಿ! ಚಾನೆಲ್ ಒನ್ ಅಂತ, 12 ನಿಮಿಷದ ಸುದ್ದಿ. ಅದರಲ್ಲಿ ಎರಡು ನಿಮಿಷ ಜಾಹೀರಾತು. ಬಾಂಬು ಬೀಳುವುದನ್ನು ತೋರಿಸಿ, ತಕ್ಷಣ ಚ್ಯೂಯಿಂಗ್ ಗಮ್ ತೋರಿಸುತ್ತಾರೆ.

ಗಣಿತದಲ್ಲಿ ನಾನೇ ಮೊದಲು. ಇದರಲ್ಲಿ ಜಂಬ ಪಡುವಂಥದ್ದು ಏನೂ ಇಲ್ಲ, ಇವರು ಏಳೆಂಟಲಿಗೂ ಕ್ಯಾಲ್ಕುಲೇಟರ್ ಒತ್ತುತ್ತಾರೆ. ಹೋಮ್ ಎಕನಾಮಿಕ್ಸ್ ಅಂತ ಒಂದು ಕ್ಲಾಸಿದೆ. ಹುಡುಗರೂ ಹೊಲಿಗೆ ಕಲಿಯಬೇಕು. ಅಮ್ಮ, ನಾನು ಒಂದು ದಿಂಬಿನ ಕವರ್ ಹೊಲಿದಿದ್ದೇನೆ, ನಗಬೇಡಿ. ನಾಲ್ಕೂ ಮೂಲೆ ನಾಲ್ಕು ದಿಕ್ಕಿಗಿದೆ. 14 ವರ್ಷಕ್ಕೇ ಇಲ್ಲಿನ ಮಕ್ಕಳು ಕಲಿಯುವವರ ಪರ್ಮಿಟ್ ತಗೊಂಡು ಕಾರು ಹಿಡಿಯುತ್ತಾರೆ. ಪುಟ್ಟಿಗೆ ಹೇಳಬೇಡಿ, ನಾಳೆಯಿಂದಲೇ ಸ್ಕೂಟರ್ ಕೇಳುತ್ತಾಳೆ. ಊಟಕ್ಕೆ ತೊಂದರೆ ಇಲ್ಲ. ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ದಿನಾ ತಿನ್ನುತ್ತೇನೆ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಿಸೆಂಬರಿಗೇ ಮುಗಿಯಿತು.

ನಾನು ಇಂಡಿಯನ್ ಅಂದರೆ ‘ಯಾವ ಬುಡಕಟ್ಟು?’ ಅಂತ ಕೇಳುತ್ತಾರೆ. ಈ ರಾಜ್ಯದ ಟಾಮಾ ಊರಿನ ಹತ್ತಿರ ಮೆಸ್ಕ್ವಾಕಿ ಅನ್ನುವ ಮೂಲ ನಿವಾಸಿಗಳಿದ್ದಾರೆ, ಇವರಿಗೆ ಇಂಡಿಯನ್ ಅಂದರೆ ಅವರೇ. ಈಗ ಯುದ್ಧ ಬಂದ ಮೇಲೆ ಆ ಗೊಂದಲ ಹೋಗಿ ಬೇರೆ ಶುರುವಾಗಿದೆ. ಊಟದ ಹಾಲಿನಲ್ಲಿ ಒಬ್ಬ ನನ್ನನ್ನು ಇರಾಕಿನವನು ಅಂದುಕೊಂಡು ಏನೋ ಕೂಗಿದ. ಬೇರೆ ಏನೂ ಆಗಲಿಲ್ಲ. ನನ್ನ ಪಕ್ಕ ಕೂತಿದ್ದ ಕುಸ್ತಿ ತಂಡದ ಹುಡುಗ ಎದ್ದು ನಿಂತ, ಅಷ್ಟಕ್ಕೇ ಅವನು ಹೋದ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಪೆನ್ನಿನಲ್ಲಿ ಬರೆದುಬಿಟ್ಟೆ, ಹೊಡೆದು ಹಾಕಿದರೆ ಅಮ್ಮ ಇನ್ನೂ ಜಾಸ್ತಿ ಯೋಚನೆ ಮಾಡುತ್ತಾರೆ. ನಿಜವಾಗಲೂ ಏನೂ ಆಗಿಲ್ಲ.

ಗವರ್ನಮೆಂಟ್ ಕ್ಲಾಸು ನನಗೆ ತುಂಬ ಇಷ್ಟ. ಯುದ್ಧಕ್ಕೆ ಒಪ್ಪಿಗೆ ಕೊಡಬೇಕೋ ಬೇಡವೋ ಅಂತ ಇವರ ಪಾರ್ಲಿಮೆಂಟಿನಲ್ಲಿ, ಅದಕ್ಕೆ ಇಲ್ಲಿ ಕಾಂಗ್ರೆಸ್ ಅನ್ನುತ್ತಾರೆ, ಜನವರಿ 12ಕ್ಕೆ ಮತ ಹಾಕಿದರು. ಅದರ ಮೇಲ್ಮನೆ ಸೆನೆಟ್‌ನಲ್ಲಿ ಬೇಕು ಅಂತ 52, ಬೇಡ ಅಂತ 47. ಅಯೋವಾದ ಇಬ್ಬರು ಸೆನೆಟರುಗಳೂ, ಹಾರ್ಕಿನ್ ಮತ್ತು ಗ್ರಾಸ್ಲಿ, ಬೇಡ ಅಂತಲೇ ಹಾಕಿದರು. ಗ್ರಾಸ್ಲಿ ಅಧ್ಯಕ್ಷ ಬುಷ್ ಅವರ ಪಕ್ಷದವರೇ. ಸ್ವಂತ ಪಕ್ಷದ ವಿರುದ್ಧ ಮತ ಹಾಕಿ ಆರಾಮಾಗಿ ಇರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಮೇಷ್ಟ್ರು ದೊಡ್ಡ ನಕ್ಷೆ ತೂಗುಹಾಕಿ ಕುವೈತ್ ಎಲ್ಲಿದೆ ತೋರಿಸಿ ಅಂದರು. ಅರ್ಧ ಕ್ಲಾಸಿಗೆ ಗೊತ್ತಾಗಲಿಲ್ಲ. ನಾನು ಹೋಗಿ ಬೆರಳಿಟ್ಟೆ. ನಮ್ಮ ಮಾವ ಅಲ್ಲಿ 11 ವರ್ಷ ಇದ್ದರು ಅಂದೆ. ಅವತ್ತಿನಿಂದ ಕುವೈತ್ ವಿಷಯಕ್ಕೆ ನನ್ನನ್ನೇ ಕೇಳುತ್ತಾರೆ.

ಅಪ್ಪ, ಈಗ ನಿಮ್ಮ ಮೂರನೇ ಪುಟದ ವಿಷಯಕ್ಕೆ ಬರುತ್ತೇನೆ. ಐದು ದಿನದಿಂದ ಅದೇ ತಲೆಯಲ್ಲಿದೆ.

ನಾನು ಆಗಸ್ಟಿನಲ್ಲಿ ಹೊರಟಾಗ ಕುವೈತಿನಲ್ಲಿದ್ದ ರಾಜು ಮಾವನ ಸುದ್ದಿಯೇ ಇರಲಿಲ್ಲ. ಅಮ್ಮ ಅಳುತ್ತಲೇ ನನಗೆ ಸೂಟ್‌ಕೇಸ್ ತುಂಬಿಸಿದರು. ಆಮೇಲೆ ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನಿನ ಮರಳಿನಲ್ಲಿ ಡೇರೆ ಕೆಳಗಿದ್ದು, ಅಮ್ಮಾನಿನಿಂದ ಏರ್ ಇಂಡಿಯಾದಲ್ಲಿ ಬೊಂಬಾಯಿಗೆ ಬಂದು ಸೇರಿದರು ಅಂತ ಓದಿದಾಗ ನನಗೆ ಬೇರೇನೂ ಬೇಡ ಅನಿಸಿತ್ತು. ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ ಭಾರತೀಯರನ್ನು ಹಾಗೆ ಕರೆದು ತಂದರಲ್ಲ, ಅದನ್ನು ಇಲ್ಲಿ ಕ್ಲಾಸಿನಲ್ಲಿ ಹೇಳಿದೆ. ಯಾರೂ ಕೇಳಿಯೇ ಇರಲಿಲ್ಲ. ನನಗೆ ಸ್ವಲ್ಪ ಹೆಮ್ಮೆಯಾಯಿತು.

ಮಾವ ಅಕ್ಕನ ಮದುವೆಗೆ ಅಂತ ಇಟ್ಟಿದ್ದ ದುಡ್ಡೆಲ್ಲ ಕುವೈತಿನ ಬ್ಯಾಂಕಿನಲ್ಲೇ ಸಿಕ್ಕಿಕೊಂಡಿದೆ, ಕೈಯಲ್ಲಿ ತಂದ ಅಲ್ಲಿನ ದಿನಾರನ್ನು ಯಾರೂ ಮುಟ್ಟುತ್ತಿಲ್ಲ ಅಂತ ಬರೆದಿದ್ದೀರಿ. ಒಂದು ದಿನಾರಿಗೆ ಹೆಚ್ಚುಕಡಿಮೆ 60 ರೂಪಾಯಿ ಬರುತ್ತಿತ್ತು. ಈಗ ಅದು ಪುಟ್ಟಿಯ ಆಟದ ನೋಟು. ಅದಕ್ಕೆ ವಿಜಯನಗರದ ಸೈಟು ಮಾರುತ್ತೀರಾ? ಅಪ್ಪ, ದಯವಿಟ್ಟು ಬೇಡ. ಅಮ್ಮನ ಬಳೆ ಹೋದದ್ದು ಆ ಸೈಟಿಗೆ. ಕಾಂಪೌಂಡಿಗೆ ಅಂತ ನಾನೂ ಅಕ್ಕನೂ ಕಲ್ಲು ಹೊತ್ತಿದ್ದೇವೆ.

ಇನ್ನೊಂದು. ನಿಮ್ಮ ಕಾಗದದಲ್ಲಿ ಗಂಡಿನ ಸಂಬಳ ಇದೆ, ಛತ್ರದ ಬಾಡಿಗೆ ಇದೆ, ಶಿವಮೊಗ್ಗದವರಿಗೆ ಮೇ ಕೊನೆಯೊಳಗೇ ಆಗಬೇಕು ಅಂತ ಇದೆ. ಅಕ್ಕ ಏನಂದಳು ಅಂತ ಒಂದು ಸಾಲೂ ಇಲ್ಲ. ಅವಳನ್ನು ಕೇಳಿದ್ದೀರಾ? ಚಿಕ್ಕವನು ಹೀಗೆ ಬರೆದ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಅಕ್ಕ ನಿಜವಾಗಲೂ ಒಪ್ಪಿಗೆಯಾಗಿದ್ದರೆ ಜುಲೈವರೆಗೆ ಕಾಯಲಿ. ನಾನೂ ಜೂನ್ ಕೊನೆಗೆ ಬಂದುಬಿಡುತ್ತೇನೆ. ಅಕ್ಕನ ಮದುವೆಗೆ ನಾನಿಲ್ಲದೆ ಹೇಗೆ?

ಕುವೈತ್ ಬಿಡುಗಡೆಯಾದರೆ ಬ್ಯಾಂಕುಗಳು ತೆರೆಯುತ್ತವೆ, ಮಾವನ ದುಡ್ಡು ಬರಬಹುದು. ಅದಕ್ಕೇ ದಿನಾ ಸಂಜೆ ಟಿವಿ ಮುಂದೆ ಕೂರುತ್ತೇನೆ. ಬೇಗ ಮುನ್ನುಗ್ಗಲಿ, ಬೇಗ ಮುಗಿಯಲಿ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಪಕ್ಕದಲ್ಲಿ ಇಲ್ಲಿನ ಅಮ್ಮ ಕೂತಿರುತ್ತಾರೆ. ನೆಲದ ಮೇಲಿನ ಯುದ್ಧ ಶುರುವಾಗದೇ ಇರಲಿ ಅಂತ ಅವರ ಪ್ರಾರ್ಥನೆ. ಮೊನ್ನೆ ಅವರು ನನ್ನ ಕೈ ಹಿಡಿದುಕೊಂಡು ‘ನೀನೂ ಪ್ರಾರ್ಥನೆ ಮಾಡುತ್ತೀಯಾ?’ ಅಂದರು. ಹೂಂ ಅಂದೆ. ಯಾವುದಕ್ಕೆ ಅಂತ ಅವರು ಕೇಳಲಿಲ್ಲ.

ಇಂಗ್ಲಿಷ್ ಕ್ಲಾಸಿನಲ್ಲಿ ಗುರುತಿಲ್ಲದ ಯಾವನಾದರೂ ಒಬ್ಬ ಸೈನಿಕನಿಗೆ ಕಾಗದ ಬರೆಸಿದರು. ನಾನು ಮಾವನ ಬಗ್ಗೆ ಬರೆದೆ. ಬ್ಯಾಂಕಿನ ವಿಷಯ ಬರೆಯಲಿಲ್ಲ.

ನಾನು ಇಲ್ಲಿ ಕೆಲಸ ಮಾಡುವಂತಿಲ್ಲ, ನಿಯಮ ಹಾಗಿದೆ. ಆದರೆ ಅಕ್ಕಪಕ್ಕದ ಮನೆಯವರ ಅಂಗಳದ ಹಿಮ ಎತ್ತಿ ಹಾಕಿದರೆ ಐದು ಡಾಲರ್ ಕೊಡುತ್ತಾರೆ. ಇಲ್ಲಿಯವರೆಗೆ 85 ಡಾಲರ್ ಆಗಿದೆ. ನಮ್ಮ ಲೆಕ್ಕದಲ್ಲಿ ಸುಮಾರು 1,600 ರೂಪಾಯಿ. ಛತ್ರದ ಮುಂಗಡಕ್ಕಾದರೂ ಆಗುತ್ತದಲ್ವಾ? ಮಾರ್ಚಿನಲ್ಲೂ ಹಿಮ ಬೀಳುತ್ತದಂತೆ. ಕೈ ನೋವಿಲ್ಲ, ದಪ್ಪ ಗ್ಲೌಸ್ ಇದೆ, ಟೋಪಿ ಇದೆ, ನೆಗಡಿಯೂ ಇಲ್ಲ. ಒಂದು ಚೂರೂ ತೊಂದರೆ ಇಲ್ಲ.

ಅಜ್ಜಿಯ ಮಂಡಿ ನೋವು ಹೇಗಿದೆ? ಫೋನ್ ಮಾಡಬೇಡಿ, ಸುಮ್ನೆ ದುಡ್ಡು ಖರ್ಚು. ಕಾಗದ ಬರೆಯಿರಿ. ಸೈಟಿನ ವಿಷಯ ನನ್ನ ಈ ಕಾಗದ ತಲುಪುವವರೆಗೆ ಯಾರಿಗೂ ಮಾತು ಕೊಡಬೇಡಿ. ತಲುಪಿದ ಮೇಲೂ ಕೊಡಬೇಡಿ. ಅಕ್ಕನ ಕೈಯಲ್ಲಿ ನಾಲ್ಕು ಸಾಲು ಬರೆಸಿ, ಅವಳ ಅಕ್ಷರದಲ್ಲೇ.

ಶನಿವಾರ ಪೋಸ್ಟ್ ಆಫೀಸು ಬೇಗ ಮುಚ್ಚುತ್ತದೆ, ಇಲ್ಲಿನ ಅಪ್ಪ ಕಾರು ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದಾರೆ. ಚಟ್ನಿಪುಡಿ ಕಳಿಸಲು ಆಗುತ್ತದಾ ನೋಡಿ.

ಇಂತಿ,
ಪುಟ್ಟು