ಉಕ್ಕಿನ ಮಾಡು ಹೊದಿಸುವ ಮುನ್ನ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ನಕ್ಷೆ ನೋಡಿದೆ. ಮಾಡಿಗೂ ಮೇಲಂತಸ್ತಿನ ಗೋಡೆಗೂ ಒಂದೇ ಇದ್ದಿಲು ಬಣ್ಣದ ಉಕ್ಕಿನ ಶೀಟು, ಕಣ್ಣಿಗೆ ಚೆನ್ನಾಗಿದೆ. ಆದರೆ ಶೀಟಿನ ನಡುಭಾಗ ಸೋರುವುದು ಅಪರೂಪ ಕಣೇ. ತೊಂದರೆ ಶುರುವಾಗುವುದೆಲ್ಲ ನಾವೇ ಕೊರೆದ ತೂತು, ಕತ್ತರಿಸಿದ ಅಂಚು, ಜೋಡಿಸಿದ ಸಂದುಗಳಲ್ಲಿ. ನಿನ್ನ ನಕ್ಷೆಯಲ್ಲಿ ಇವು ಯಾವುವೂ ಕಾಣಿಸಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೊಳ್ಳುವಾಗ ‘0.50 ಮಿ.ಮೀ.’ ಎಂದರೆ ಲೇಪ, ಬಣ್ಣ ಸೇರಿದ ದಪ್ಪವೋ ಬರೀ ಉಕ್ಕಿನದೋ ಕೇಳು. ಎಲ್ಲ ಸೇರಿ 0.50 ಇದ್ದರೆ ಒಳಗಿನ ಉಕ್ಕು ಸುಮಾರು 0.45 ಅಷ್ಟೇ. ‘ಎಝಡ್ 150’ ಎಂದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಅಲ್ಯೂಮಿನಿಯಂ-ಸತುವಿನ ಲೇಪ. ಇವೆರಡನ್ನೂ ಬಿಲ್ಲಿನಲ್ಲಿ ಬರೆಸಿಕೋ. ಮಾಡಿಗೆ ಮಾತ್ರ ತಿಳಿ ಬಣ್ಣ ಹಾಕು. ಇದ್ದಿಲು ಬಣ್ಣ ಬಿಸಿಲನ್ನೆಲ್ಲ ಕುಡಿದು ಕೆಳಗಿರುವವರನ್ನು ಬೇಯಿಸುತ್ತೆ.

ಇಳಿಜಾರು 3 ಡಿಗ್ರಿ ಅಂತ ಬರೆದಿದ್ದೀಯ. ಮೇಲಿಂದ ಸ್ಕ್ರೂ ಹೊಡೆಯುವ ಏಣಿನ ಶೀಟಿಗೆ, ಅಂದರೆ ಉದ್ದಕ್ಕೂ ಉಬ್ಬು ಸಾಲುಗಳಿರುವ ಶೀಟಿಗೆ, ಅದು ಸಾಲದು. ಕಡಿಮೆಯೆಂದರೂ 5 ಬೇಕು, ಅಂದರೆ ಮೀಟರಿಗೆ ಸುಮಾರು 9 ಸೆಂ.ಮೀ. ಇಳಿತ. 3 ಡಿಗ್ರಿಯಷ್ಟು ಚಪ್ಪಟೆಯೇ ಬೇಕೆಂದರೆ ಸ್ಕ್ರೂ ಹೊರಗೆ ಕಾಣದ, ಕ್ಲಿಪ್ಪಿಗೆ ಸಿಕ್ಕಿಸುವ ಶೀಟು ತೆಗೆದುಕೊಂಡು, ತಯಾರಕರು ಅದಕ್ಕೆ ಹೇಳಿರುವ ಕನಿಷ್ಠ ಇಳಿಜಾರು ನೋಡು. ನೆತ್ತಿಯಿಂದ ಸೂರಿನವರೆಗೆ ಒಂದೇ ಶೀಟು ಬರಲಿ, ನಡುವೆ ಅಡ್ಡ ಜೋಡಣೆ ಬೇಡ. 10 ಮೀಟರ್ ಉದ್ದದ ಶೀಟು 50 ಡಿಗ್ರಿ ಶಾಖದ ಏರಿಳಿತಕ್ಕೆ 6 ಮಿ.ಮೀ. ಹಿಗ್ಗಿ ಕುಗ್ಗುತ್ತೆ. ಕ್ಲಿಪ್ಪು ಆ ಜರುಗಾಟಕ್ಕೆ ಜಾಗ ಕೊಡುತ್ತೆ. ಬಿಗಿದ ಸ್ಕ್ರೂ ಜಾಗ ಕೊಡದಿದ್ದಾಗ ಶೀಟು ತೂತನ್ನೇ ಅಗಲ ಮಾಡಿಕೊಳ್ಳುತ್ತೆ.

ಇನ್ನು ಸ್ಕ್ರೂ. ಕೆಲಸ ನಡೆಯುವಾಗ ಬಗ್ಗಿ ವಾಷರನ್ನು ನೋಡು. ಕಪ್ಪು ರಬ್ಬರು ಲೋಹದ ಬಿಲ್ಲೆಯ ಅಂಚಿನಿಂದ ಸುತ್ತಲೂ ಒಂದೇ ಸಮ, ತುಸುವೇ ಇಣುಕಿದರೆ ಸರಿಯಾಗಿ ಕೂತಿದೆ. ಅಣಬೆಯ ಹಾಗೆ ಉಬ್ಬಿದ್ದರೆ ಬಿಗಿ ಹೆಚ್ಚಾಗಿದೆ: ರಬ್ಬರು ಬಿಸಿಲಿಗೆ ಬೇಗ ಬಿರಿಯುತ್ತೆ, ಸುತ್ತ ತಗಡು ತಗ್ಗಾಗಿ ನೀರು ನಿಲ್ಲುತ್ತೆ. ವಾಷರು ಬೆರಳಿಗೆ ತಿರುಗಿದರೆ ಸಡಿಲ. ಓರೆಯಾಗಿ ಹೋದದ್ದನ್ನು ತೆಗೆಸಿ ಒಂದು ಸೈಜು ದಪ್ಪದ್ದು ಹಾಕಿಸು, ಸೀಲಂಟು ಮೆತ್ತಿ ಮುಚ್ಚಲು ಬಿಡಬೇಡ. ಕುಟ್ಟಿ ಕುಟ್ಟಿ ಬಿಗಿಯುವ ಇಂಪ್ಯಾಕ್ಟ್ ಡ್ರೈವರ್ ಬೇಡ, ಬಿಗಿಗೆ ಮಿತಿ ಇಡಬಹುದಾದ ಸ್ಕ್ರೂಗನ್ ಇರಲಿ. ಮಾಡಿನಲ್ಲಿ ಸ್ಕ್ರೂ ಏಣಿನ ಮೇಲೆ, ಯಾಕೆಂದರೆ ತಗ್ಗಿನಲ್ಲಿ ನೀರು ಹರಿಯುತ್ತೆ. ಗೋಡೆಯಲ್ಲಿ ಆ ಭಯವಿಲ್ಲ, ತಗ್ಗಿನಲ್ಲೇ ಹೊಡೆದರೆ ಶೀಟು ಹಿಂದಿರುವ ಆಧಾರದ ಪಟ್ಟಿಗೆ ಒತ್ತಿ ಕೂರುತ್ತೆ. ಗಾಳಿ ಮಾಡನ್ನು ಹೆಚ್ಚು ಮೇಲೆಳೆಯುವುದು ಅಂಚು ಮೂಲೆಗಳಲ್ಲಿ. ಅಲ್ಲಿ ಪ್ರತಿ ಏಣಿನ ಮೇಲೂ ಸ್ಕ್ರೂ ಬೇಕು, ಶೀಟನ್ನು ಹೊರುವ ಅಡ್ಡ ತೊಲೆಗಳಾದ ಪರ್ಲಿನ್‌ಗಳೂ ಹತ್ತಿರ ಹತ್ತಿರ ಇರಬೇಕು.

ಶೀಟು ಕತ್ತರಿಸಲು ಗ್ರೈಂಡರ್ ತಂದರೆ ವಾಪಸ್ ಕಳಿಸು. ಅಂಚಿನ ಲೇಪ ಸುಟ್ಟುಹೋಗುತ್ತೆ, ಹಾರಿದ ಕಿಡಿ ಬಣ್ಣದೊಳಗೆ ಹೂತು ಸ್ವಲ್ಪ ದಿನಕ್ಕೇ ಕಂದು ಚುಕ್ಕೆಗಳೇಳುತ್ತವೆ. ತಗಡಿನ ಕತ್ತರಿ, ಇಲ್ಲವೇ ತಗಡನ್ನು ಚೂರು ಚೂರಾಗಿ ಕಚ್ಚಿ ಕತ್ತರಿಸುವ ನಿಬ್ಲರ್ ಸಾಕು. ಡ್ರಿಲ್ಲಿನ ಉಕ್ಕಿನ ಪುಡಿಯನ್ನು ಅಂದಂದೇ ಸಂಜೆ ಮೆತ್ತನೆ ಬ್ರಶ್ಶಿನಿಂದ ಗುಡಿಸಿಸು. ಗುರುತು ಹಾಕಲು ಸೀಸದ ಪೆನ್ಸಿಲ್ ಕೂಡ ಬೇಡ. ಗೆರೆಯ ಗ್ರಾಫೈಟು ತೇವ ಸೇರಿದರೆ ಲೇಪವನ್ನು ತಿನ್ನುತ್ತೆ. ತಾಮ್ರದ ಪೈಪಿನ ನೀರು ಶೀಟಿನ ಮೇಲೆ ತೊಟ್ಟಿಕ್ಕಬಾರದು, ಹಸಿ ಸಿಮೆಂಟು ಬಿದ್ದರೆ ಆಗಲೇ ತೊಳೆಸು.

ಮೇಲಿಂದ ಎಷ್ಟೇ ಭದ್ರ ಮಾಡಿದರೂ ಕೆಳಗಿಂದ ಹನಿಯುವುದುಂಟು. ರಾತ್ರಿ ತಿಳಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ತಗಡು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತೆ. ಮನೆಯೊಳಗಿನ ತೇವದ ಗಾಳಿ ತಾಗಿ ಬೆಳಗಿನ ಹೊತ್ತಿಗೆ ಹನಿಗಟ್ಟುತ್ತೆ. ಮಳೆಯಿಲ್ಲದ ದಿನವೂ ಸೀಲಿಂಗಿನಲ್ಲಿ ಕಲೆ ಕಂಡರೆ ಮೊದಲು ಇದನ್ನು ಅನುಮಾನಿಸು. ಶೀಟಿನಡಿ ಫಾಯಿಲ್ ಅಂಟಿದ 50 ಮಿ.ಮೀ. ಗ್ಲಾಸ್‌ವುಲ್ (ಗಾಜಿನ ನಾರಿನ ಮೆತ್ತೆ) ಹಾಸಿಸು. ಫಾಯಿಲ್ ಮುಖ ಕೋಣೆಯ ಕಡೆಗಿರಲಿ, ಸಂದುಗಳಿಗೆಲ್ಲ ಟೇಪು ಅಂಟಿಸಲಿ. ಮೆತ್ತೆ ಶೀಟಿಗೆ ತಾಗಿಕೊಂಡೇ ಇದ್ದರೆ ಮಳೆಯ ಸದ್ದೂ ಅಡಗುತ್ತೆ. ಅದರ ದಪ್ಪ ಲೆಕ್ಕ ಹಿಡಿದು ಸ್ಕ್ರೂ ಉದ್ದ ಆರಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಬಚ್ಚಲಿನ ಫ್ಯಾನಿನ ಹಬೆಯನ್ನು ಸೀಲಿಂಗಿನ ಮೇಲೆ ಬಿಡದೆ ನೇರ ಹೊರಗೆ ಹಾಯಿಸು.

ನೆತ್ತಿಯಲ್ಲಿ ಮುಚ್ಚಳದ ಪಟ್ಟಿ ಕೂರಿಸುವ ಮೊದಲು ಶೀಟಿನ ಏಣುಗಳ ನಡುವಿನ ತಗ್ಗಿನ ಮೇಲ್ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಮಡಿಸಲೇಬೇಕು, ಇಲ್ಲದಿದ್ದರೆ ಗಾಳಿ ಮಳೆನೀರನ್ನು ಒಳಕ್ಕೆ ತಳ್ಳುತ್ತೆ. ಐದು ನಿಮಿಷದ ಕೆಲಸ, ಮುಚ್ಚಳ ಬಿದ್ದ ಮೇಲೆ ಮಾಡಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಹಾಗಾಗಿ ಅದಕ್ಕೆ ಮೊದಲೇ ಏಣಿ ಹತ್ತಿ ನೋಡು.

ಗೋಡೆಯ ಶೀಟನ್ನು ನೇರ ಗೋಡೆಗೆ ಬಡಿಸಬೇಡ. ಮೊದಲು ನೀರು ತಡೆಯುವ ಹಾಳೆ, ಅದರ ಮೇಲೆ ಪಟ್ಟಿಗಳಿಂದ 20ರಿಂದ 40 ಮಿ.ಮೀ. ಸಂದು, ಆಮೇಲೆ ಶೀಟು. ಸಂದಿನ ತಳದಲ್ಲಿ ಜಾಲರಿ ಹಾಕಿ ತೆರೆದಿಡು, ಮೇಲೂ ಗಾಳಿಗೆ ದಾರಿ ಇರಲಿ. ನೀನು ಮೆಚ್ಚಿದ ಅಗಲವಾದ ನುಣುಪು ಶೀಟು ಇಳಿಬಿಸಿಲಿನಲ್ಲಿ ಅಲೆ ಅಲೆಯಾಗಿ ಕಾಣುತ್ತೆ. ಅದು ಗಟ್ಟಿಮುಟ್ಟಿಗೆ ದೋಷವಲ್ಲ, ನೋಟಕ್ಕೆ. ಅಗಲ ಕಡಿಮೆ ಮಾಡಿ, ಹೊಳಪಿಲ್ಲದ ಬಣ್ಣ ಆರಿಸಿದರೆ ಅಷ್ಟು ಕಾಣದು. ಸೂರಿನ ಮರೆಯಲ್ಲಿರುವ ಭಾಗಕ್ಕೆ ಮಳೆ ತಾಗದೆ ಧೂಳು, ಉಪ್ಪು ಅಲ್ಲೇ ಕೂರುತ್ತೆ, ಆರು ತಿಂಗಳಿಗೊಮ್ಮೆ ಪೈಪು ಹಿಡಿದು ತೊಳೆ.

ಕಿಟಕಿಯ ಮೇಲಂಚಿನಲ್ಲಿ ಫ್ಲಾಶಿಂಗು, ಅಂದರೆ ನೀರನ್ನು ಹೊರಕ್ಕೆ ತಿರುಗಿಸುವ ಮಡಿಸಿದ ತಗಡಿನ ಪಟ್ಟಿ, ಗೋಡೆಯ ನೀರು ತಡೆಯುವ ಹಾಳೆಯ ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ. ಅಲ್ಲಿನ ಅಡ್ಡಕೊಯ್ತವನ್ನು ಅಳತೆ ಸಮೇತ ಬರೆದು ಕಳಿಸು, ನಾನು ನೋಡಿದ ಮೇಲೆ ಶೀಟಿಗೆ ಆರ್ಡರ್ ಕೊಡು.

ಇತಿ,
ನಿನ್ನ ದೊಡ್ಡಪ್ಪ