ಬೇಸಿಗೆ ಪೆಟ್ಟಿಗೆಯ ವೈನ್ ಬಿಸಿಲಿಗೆ ಕೆಟ್ಟಿರುವ ಬಗ್ಗೆ ಕ್ಲಬ್ ಸದಸ್ಯರ ದೂರು

ಇವರಿಂದ:
ವೈನ್ ಕ್ಲಬ್ಬಿನ ವಾರ್ಷಿಕ ಸದಸ್ಯರು, ಬೆಂಗಳೂರು

ಇವರಿಗೆ:
ವ್ಯವಸ್ಥಾಪಕ ಪಾಲುದಾರರು, ವೈನರಿ ಮತ್ತು ವೈನ್ ಕ್ಲಬ್ ವಿಭಾಗ, ದೊಡ್ಡಬಳ್ಳಾಪುರ ತಾಲ್ಲೂಕು

ವಿಷಯ: ಬೇಸಿಗೆ ಪೆಟ್ಟಿಗೆಯ ಬಾಟಲಿಗಳನ್ನು ಬದಲಿಸಿಕೊಡುವುದು, ಗೋದಾಮಿನ ತಂಪು ವ್ಯವಸ್ಥೆ, ಕಟಾವು ಹಬ್ಬದ ಲೋಪಗಳು ಮತ್ತು ಬಿಲ್ಲಿನಲ್ಲಿ ತಪ್ಪಾಗಿ ಹಾಕಿದ ಜಿಎಸ್‌ಟಿ.

ಮಾನ್ಯರೇ,

ಏಪ್ರಿಲ್ ಕೊನೆಯಲ್ಲಿ ಸದಸ್ಯರಿಗೆ ಕೊಟ್ಟ ಆರು ಬಾಟಲಿಗಳ ಬೇಸಿಗೆ ಪೆಟ್ಟಿಗೆ ಶಾಖಕ್ಕೆ ಸಿಕ್ಕಿ ಕೆಟ್ಟಿದೆ. ಈ ಬಗ್ಗೆ ಫೋನ್ ಮಾಡಿದವರಿಗೆ ನಿಮ್ಮ ಕ್ಲಬ್ ವಿಭಾಗದಿಂದ ಬೇರೆ ಬೇರೆ ಉತ್ತರ ಬಂದಿದೆ. ಒಬ್ಬರಿಗೆ ಅದು ಕಾರ್ಕಿನ ದೋಷ, ಎಲ್ಲ ವೈನರಿಯಲ್ಲೂ ಒಂದೆರಡು ಬಾಟಲಿಗೆ ಇದ್ದದ್ದೇ ಎಂದರು. ಇನ್ನೊಬ್ಬರಿಗೆ ಬಿಳಿ ವೈನಿನಲ್ಲಿ ಕಾಣುತ್ತಿರುವುದು ನಿರಪಾಯದ ಹರಳು ಎಂದರು. ಉಳಿದವರಿಗೆ, ನೀವೇ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟಿರಬೇಕು ಎಂದರು. ಈ ಮೂರರಲ್ಲಿ ಒಂದೂ ಸರಿಯಲ್ಲ. ಇದನ್ನು ಬರಹದಲ್ಲೇ ಹೇಳುತ್ತಿದ್ದೇವೆ. ನಿಮ್ಮ ವೈನ್‌ಮೇಕರ್ ಓದಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಮೊದಲು ಕೆಂಪು ವೈನ್. ಪೆಟ್ಟಿಗೆಯಲ್ಲಿದ್ದ ಶಿರಾಜ್ ಬಾಟಲಿಗಳ ಬಿರಡೆ ಬಾಯಿಯ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಮೇಲೆದ್ದು ನಿಂತಿದೆ. ಬಾಯಿಯ ಮೇಲಿನ ತೆಳು ಹೊದಿಕೆಯನ್ನು (ಕ್ಯಾಪ್ಸೂಲ್) ಬೆರಳಲ್ಲಿ ಹಿಡಿದು ತಿರುಗಿಸಿದರೆ ತಿರುಗುವುದಿಲ್ಲ, ಒಳಗೆ ಸೋರಿ ಒಣಗಿದ ವೈನ್ ಅದನ್ನು ಗಾಜಿಗೆ ಅಂಟಿಸಿಬಿಟ್ಟಿದೆ. ಬಿರಡೆ ಕಿತ್ತು ನೋಡಿದರೆ ಪಕ್ಕದಲ್ಲಿ ಕೆಳಗಿನಿಂದ ಮೇಲಿನವರೆಗೂ ನೇರಳೆ ಗೆರೆ ಹರಿದಿದೆ. ಸರಿಯಾಗಿ ಇಟ್ಟ ಬಾಟಲಿಯಲ್ಲಿ ಬಣ್ಣ ಹತ್ತುವುದು ಬಿರಡೆಯ ಕೆಳಮುಖಕ್ಕೆ ಮಾತ್ರ. ಇಲ್ಲಿ ಆಗಿರುವುದು ಸರಳ ಭೌತಶಾಸ್ತ್ರ. 20 ಡಿಗ್ರಿಯಲ್ಲಿದ್ದ 750 ಮಿಲಿಲೀಟರ್ ವೈನ್ 40 ಡಿಗ್ರಿಗೆ ಹೋದರೆ ಸುಮಾರು 5 ಮಿಲಿಲೀಟರ್ ಹಿಗ್ಗುತ್ತದೆ. ಬಾಟಲಿಯ ಕತ್ತಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, ಆದ್ದರಿಂದ ಅಷ್ಟು ವೈನ್ ಕತ್ತಿನೊಳಗೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಏರುತ್ತದೆ. ಬಿರಡೆಯ ಕೆಳಗೆ ನೀವು ಬಿಡುವ ಖಾಲಿ ಜಾಗ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಗಾಳಿಗೆ ಜಾಗವಿಲ್ಲದೆ ಒತ್ತಡ ಏರಿ ಬಿರಡೆಯನ್ನು ತಳ್ಳುತ್ತದೆ, ಪಕ್ಕದಿಂದ ವೈನ್ ಒಸರುತ್ತದೆ. ರಾತ್ರಿ ತಣ್ಣಗಾದಾಗ ವೈನ್ ಕುಗ್ಗಿ ಅದೇ ದಾರಿಯಲ್ಲಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹಗಲು ರಾತ್ರಿ ಇದು ನಡೆದರೆ ಕೆಲವೇ ವಾರದಲ್ಲಿ ವೈನ್ ಕೆಡದಂತೆ ಹಾಕಿದ ಸಲ್ಫರ್ ಡೈಆಕ್ಸೈಡ್ ಖರ್ಚಾಗಿ ವೈನಿಗೆ ಕಾವಲೇ ಉಳಿಯುವುದಿಲ್ಲ.

ಕಾರ್ಕ್ ದೋಷ ಬೇರೆಯದೇ ಸಂಗತಿ. ಅದು ಟಿಸಿಎ ಎಂಬ ಸಂಯುಕ್ತದಿಂದ ಬರುವಂಥದ್ದು. ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ನೆನೆದ ರಟ್ಟಿನ, ಮುಗ್ಗಲು ಹಿಡಿದ ಗೋಣಿಯ ವಾಸನೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಸತ್ತುಹೋಗುತ್ತದೆ. ಅದು ಬರುವುದು ಅಲ್ಲೊಂದು ಇಲ್ಲೊಂದು ಬಾಟಲಿಗೆ. ನಮ್ಮಲ್ಲಿ ತೆರೆದ ಬಾಟಲಿಗಳಲ್ಲಿ ಮುಗ್ಗಲು ವಾಸನೆ ಎಲ್ಲೂ ಇಲ್ಲ. ಇರುವುದು ಬೇಯಿಸಿದ ಒಣದ್ರಾಕ್ಷಿಯ, ಕರಕಲು ಸಕ್ಕರೆಯ ವಾಸನೆ, ನಾಲಿಗೆಯ ಕೊನೆಯಲ್ಲಿ ಚುರುಕಿಲ್ಲದ ಹುಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಪೆಟ್ಟಿಗೆಯ ಬಿಳಿ ವೈನ್ ಶೆನಿನ್ ಬ್ಲಾಂಕ್‌ಗೆ ಕಾರ್ಕೇ ಇಲ್ಲ, ತಿರುಪಿನ ಮುಚ್ಚಳ ಇದೆ. ಅದರಲ್ಲೂ ಅದೇ ಬೆಂದ ವಾಸನೆ, ತಿಳಿಹಸಿರು ಹಳದಿ ಇರಬೇಕಾದ ವೈನ್ ಕಂದು ಹಳದಿಗೆ ತಿರುಗಿದೆ. ಕಾರ್ಕ್ ಇಲ್ಲದ ಬಾಟಲಿಗೆ ಕಾರ್ಕ್ ದೋಷ ಹೇಗೆ ಬಂತು ಎಂಬುದಕ್ಕೆ ನಿಮ್ಮವರಿಂದ ಈವರೆಗೆ ಉತ್ತರ ಬಂದಿಲ್ಲ.

ಇನ್ನು ಹರಳಿನ ಮಾತು. ಪೊಟ್ಯಾಶಿಯಂ ಬೈಟಾರ್ಟ್ರೇಟ್ ಹರಳು ಬೀಳುವುದು ಚಳಿಗೆ. ಫ್ರಿಜ್ಜಿನಲ್ಲಿ ಇಟ್ಟ ಬಾಟಲಿಯ ತಳದಲ್ಲಿ ಗಟ್ಟಿಯಾಗಿ, ಮಿನುಗುತ್ತಾ ಕೂರುತ್ತದೆ. ಅಪಾಯವಿಲ್ಲ ಎಂಬುದು ನಿಜ. ಆದರೆ ಪೆಟ್ಟಿಗೆಯ ಇನ್ನೊಂದು ಬಿಳಿ ವೈನ್ ಸೋವಿನ್ಯಾನ್ ಬ್ಲಾಂಕ್‌ನಲ್ಲಿ ನಾವು ನೋಡಿದ್ದು ತಳ ಸೇರದೆ ವೈನಿನ ತುಂಬ ತೇಲುವ ಹಾಲಿನಂಥ ಮಬ್ಬು. ಅದು ದ್ರಾಕ್ಷಿಯ ಪ್ರೋಟೀನ್ ಶಾಖಕ್ಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿದಾಗ ಬರುವ ಮಬ್ಬು. ಸೋವಿನ್ಯಾನ್ ಬ್ಲಾಂಕ್‌ನಲ್ಲಿ ಈ ಪ್ರೋಟೀನ್ ಬೇರೆ ತಳಿಗಳಿಗಿಂತ ಹೆಚ್ಚು ಎಂಬುದು ವೈನ್ ಮಾಡುವವರಿಗೆಲ್ಲ ಗೊತ್ತು. ಅದಕ್ಕೇ ಬಾಟಲಿ ತುಂಬುವ ಮೊದಲು ಬೆಂಟೊನೈಟ್ ಮಣ್ಣು ಹಾಕಿ ಪ್ರೋಟೀನ್ ಇಳಿಸುತ್ತಾರೆ. ಸಾಮಾನ್ಯವಾಗಿ ಲೀಟರಿಗೆ ಅರ್ಧ ಗ್ರಾಮಿನಿಂದ ಒಂದೂವರೆ ಗ್ರಾಮಿನವರೆಗೆ ಬೇಕಾಗುತ್ತದೆ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಮಾದರಿಯನ್ನು 80 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಈ ಲಾಟಿಗೆ, ಅಂದರೆ ಒಂದೇ ಸಲಕ್ಕೆ ತುಂಬಿದ ಈ ಬಾಟಲಿಗಳ ಗುಂಪಿಗೆ, ಆ ಪರೀಕ್ಷೆ ಮಾಡಿದ್ದೀರಾ? ಮಾಡಿದ್ದರೆ ದಾಖಲೆ ಕೊಡಿ. ಬೆಂಟೊನೈಟ್ ಕಡಿಮೆಯಾಗಿದ್ದರೂ ತಂಪಿನಲ್ಲಿ ಇಟ್ಟಿದ್ದರೆ ಈ ಮಬ್ಬು ಇಷ್ಟು ಬೇಗ ಏಳುತ್ತಿರಲಿಲ್ಲ. ಹಾಗಾಗಿ ತಪ್ಪು ಒಂದು ಕಡೆ ಇರಲಿ, ಎರಡು ಕಡೆ ಇರಲಿ, ಎರಡೂ ನಿಮ್ಮ ಗೇಟಿನ ಒಳಗೇ ಆಗಿವೆ.

ಕಾರಿನ ಡಿಕ್ಕಿಯ ಆರೋಪಕ್ಕೆ ಹೆಚ್ಚು ಮಾತು ಬೇಕಿಲ್ಲ. ಪೆಟ್ಟಿಗೆ ಪಡೆದ ದಿನವೇ ಕೆಲವು ಸದಸ್ಯರು ನಿಮ್ಮ ಟೇಸ್ಟಿಂಗ್ ರೂಮಿನ ಕೌಂಟರ್ ಮೇಲೇ ಅದನ್ನು ಬಿಚ್ಚಿದ್ದಾರೆ. ಎದ್ದು ನಿಂತ ಬಿರಡೆಯ ಚಿತ್ರಗಳಲ್ಲಿ ಹಿಂದೆ ನಿಮ್ಮದೇ ಲಾಂಛನ ಕಾಣುತ್ತದೆ. ಚಿತ್ರಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇವೆ.

ನಮ್ಮ ಪ್ರಕಾರ ಮೂಲ ಕಾರಣ ಇದು. ಯುರೋಪಿನಲ್ಲಿ ಕಟಾವು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಾದ ಮೇಲೆ ಚಳಿಗಾಲ ಬಂದು ನೆಲಮಾಳಿಗೆಯನ್ನು ತಾನಾಗಿಯೇ ತಂಪು ಮಾಡುತ್ತದೆ. ನಂದಿ ಬೆಟ್ಟದ ಸುತ್ತಿನ ತೋಟಗಳಲ್ಲಿ ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಬಳ್ಳಿ ಸವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹಣ್ಣು ಕೊಯ್ಯುತ್ತಾರೆ. ಅಂದರೆ ನಮ್ಮಲ್ಲಿ ವೈನ್ ಹುಟ್ಟುವುದೇ ಬೇಸಿಗೆಯ ಬಾಗಿಲಲ್ಲಿ. ಬಿಳಿ ವೈನಿನ ಹುದುಗನ್ನು 14ರಿಂದ 16 ಡಿಗ್ರಿಯಲ್ಲಿ ಹಿಡಿದಿಡಲು ಚಿಲ್ಲರ್, ಅಂದರೆ ತಂಪು ಯಂತ್ರ, ಹಗಲೂ ರಾತ್ರಿ ಓಡಬೇಕು. ಹುದುಗು ತಾನೇ ಶಾಖ ಹುಟ್ಟಿಸುತ್ತದೆ, ಹೊರಗೆ ಬಿಸಿಲು ಬೇರೆ. ನಿಮ್ಮಲ್ಲಿ ಟ್ಯಾಂಕುಗಳಿಗೂ ಬಾಟಲಿ ಗೋದಾಮಿಗೂ ಒಂದೇ ಚಿಲ್ಲರ್ ಇದೆ. ಕಟಾವಿನ ವಾರಗಳಲ್ಲಿ ಗೋದಾಮಿನ ವಾಲ್ವ್ ಮುಚ್ಚಿ ಟ್ಯಾಂಕಿಗೆ ತಿರುಗಿಸುತ್ತೀರಿ, ಕರೆಂಟ್ ಹೋದಾಗ ಜನರೇಟರ್ ಕೊಡುವುದೂ ಟ್ಯಾಂಕಿಗೆ ಮಾತ್ರ ಎಂದು ಪ್ರವಾಸ ತೋರಿಸಿದ ನಿಮ್ಮ ಸಿಬ್ಬಂದಿಯೇ ವಿವರಿಸಿದ್ದಾರೆ. ಹುದುಗು ನಿಂತರೆ ಇಡೀ ವರ್ಷದ ಬೆಳೆ ಹೋಗುತ್ತದೆ, ಅದನ್ನು ಮೊದಲು ಉಳಿಸಿಕೊಳ್ಳುವುದು ಸರಿ. ಆದರೆ ಹಿಂದಿನ ವರ್ಷದ ಬೆಳೆ ಶೀಟಿನ ಚಾವಣಿಯ ಕೆಳಗೆ ಬೇಯುತ್ತಿರುವುದನ್ನು ಯಾರೂ ನೋಡುತ್ತಿಲ್ಲ.

ಆ ಗೋದಾಮನ್ನೂ ನೋಡಿದ್ದೇವೆ. ಪಶ್ಚಿಮದ ಗೋಡೆಗೆ ತಾಗಿಸಿ, ಚಾವಣಿಗೆ ಮುಟ್ಟುವಂತೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ಸಂಜೆಯ ಬಿಸಿಲು ನೇರ ಆ ಗೋಡೆಗೆ ಬೀಳುತ್ತದೆ. ಗೋಡೆಯಲ್ಲಿ ತೂಗುಹಾಕಿದ ಉಷ್ಣಮಾಪಕ ಒಂದೇ, ಅದೂ ಬಾಗಿಲ ಪಕ್ಕ, ಎದೆಯ ಎತ್ತರದಲ್ಲಿ, ಕೋಣೆಯ ಅತಿ ತಂಪಾದ ಜಾಗದಲ್ಲಿ. ಮೇಲಿನ ಸಾಲಿನ ಪೆಟ್ಟಿಗೆ ಕಾಣುವ ಶಾಖ ಅದರಲ್ಲಿ ದಾಖಲಾಗುವುದೇ ಇಲ್ಲ. ಬಾಟಲಿ ಇಡಬೇಕಾದದ್ದು 12ರಿಂದ 16 ಡಿಗ್ರಿಯಲ್ಲಿ. 20 ಇದ್ದರೂ ಏರಿಳಿತ ಇಲ್ಲದಿದ್ದರೆ ಕೆಲವು ತಿಂಗಳು ತಡೆಯುತ್ತದೆ. 30 ದಾಟಿ ವಾರಗಟ್ಟಲೆ ನಿಂತರೆ ಯಾವ ಒಳ್ಳೆಯ ವೈನೂ ಉಳಿಯದು.

ಪೆಟ್ಟಿಗೆಯ ಇನ್ನೊಂದು ತಕರಾರು ಚಿಕ್ಕದಲ್ಲ. ನಿಮ್ಮ ಸದಸ್ಯತ್ವದ ಪುಸ್ತಿಕೆಯಲ್ಲಿ ಬೇಸಿಗೆ ಪೆಟ್ಟಿಗೆಗೆ ಹನ್ನೆರಡು ತಿಂಗಳು ಫ್ರೆಂಚ್ ಓಕ್ ಪೀಪಾಯಿಯಲ್ಲಿಟ್ಟ ರಿಸರ್ವ್ ಶಿರಾಜ್ ಎಂದು ಅಚ್ಚಾಗಿದೆ. ಕೊಟ್ಟಿರುವುದು ಮಾಮೂಲಿ ಶಿರಾಜ್, ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂಥದ್ದು. ಬದಲಿ ಕೊಡುವ ಹಕ್ಕು ನಿಮಗಿದೆ ಎಂದು ಷರತ್ತಿನಲ್ಲಿದೆ, ಒಪ್ಪುತ್ತೇವೆ; ಅದೇ ಷರತ್ತಿನಲ್ಲಿ ಸಮಾನ ಬೆಲೆಯ ವೈನ್ ಎಂದೂ ಇದೆ. ವ್ಯತ್ಯಾಸದ ಹಣ ವಾಪಸಾಗಿಲ್ಲ.

ಮಾರ್ಚ್‌ನ ಕಟಾವು ಹಬ್ಬದ ಬಗ್ಗೆಯೂ ಹೇಳಲೇಬೇಕು. ಪೀಪಾಯಿ ಟೇಸ್ಟಿಂಗ್‌ನಲ್ಲಿ ಮಾದರಿ ತೆಗೆಯುವ ಗಾಜಿನ ಕೊಳವೆಯ ತುದಿ ಒಬ್ಬೊಬ್ಬರ ಗ್ಲಾಸಿನ ಅಂಚಿಗೂ ತಾಗುತ್ತಿತ್ತು. ಅದೇ ಕೊಳವೆ ಮತ್ತೆ ಪೀಪಾಯಿಗೆ ಇಳಿಯುತ್ತಿತ್ತು. ಗ್ಲಾಸಿನಲ್ಲಿ ಮಿಕ್ಕಿದ್ದನ್ನು ಸಹಾಯಕರೊಬ್ಬರು ಪೀಪಾಯಿಗೇ ಸುರಿದರು. ಬಿರಡೆ ತೆಗೆದ ಪೀಪಾಯಿಯ ಬಾಯಿ, ಗುಂಪು ಮುಂದೆ ಹೋದರೂ ತೆರೆದೇ ಇತ್ತು. ಹುಳಿಯನ್ನು ಮೃದುಗೊಳಿಸುವ ಎರಡನೇ ಹುದುಗು (ಮ್ಯಾಲೊಲ್ಯಾಕ್ಟಿಕ್) ಮುಗಿಯದ ಎಳೆ ವೈನಿನಲ್ಲಿ ಸಲ್ಫರ್ ಹೆಚ್ಚು ಇರುವುದಿಲ್ಲ. ವೈನನ್ನು ವಿನೆಗರ್ ಮಾಡುವ ಅಸಿಟಿಕ್ ಬ್ಯಾಕ್ಟೀರಿಯಾಗೂ ಅದಕ್ಕೆ ಕೆಟ್ಟ ವಾಸನೆ ಹಿಡಿಸುವ ಬ್ರೆಟ್ ಯೀಸ್ಟಿಗೂ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಡ. 225 ಲೀಟರ್ ಪೀಪಾಯಿಯೊಂದು ಹುಳಿಯಾದರೆ ಅದರಿಂದ ಸಿಗಬೇಕಾದ ಮುನ್ನೂರು ಬಾಟಲಿ ಹೋಯಿತು. ಆ ಬಾಟಲಿಗಳು ನಾಳೆ ಬರುವುದು ನಮ್ಮ ಪೆಟ್ಟಿಗೆಗೇ. ಮಾದರಿಯನ್ನು ಮೊದಲು ಒಂದು ಜಗ್ಗಿಗೆ ತೆಗೆದು, ಜಗ್ಗಿನಿಂದ ಬಡಿಸಿ, ಪೀಪಾಯಿಗೆ ತಕ್ಷಣ ಅದೇ ವೈನ್ ತುಂಬಿ ಬಾಯಿ ಮುಚ್ಚಿದರೆ ಇಷ್ಟೆಲ್ಲ ತೊಂದರೆ ಇಲ್ಲ.

ಅದೇ ದಿನ ಆರು ವೈನುಗಳನ್ನು ತಲಾ 60 ಮಿಲಿಲೀಟರ್ ಸುರಿದಿರಿ. ಒಟ್ಟು 360 ಮಿಲಿಲೀಟರ್, ಅಂದರೆ ಒಬ್ಬರಿಗೆ ಹತ್ತಿರ ಹತ್ತಿರ ಅರ್ಧ ಬಾಟಲಿ. ಉಗುಳಲು ಪಾತ್ರೆ ಮೇಜಿನ ಮೇಲೆ ಇರಲಿಲ್ಲ, ಕೇಳಿದಾಗ ಹೂವಿನ ಕುಂಡ ತೋರಿಸಿದರು. ಬಂದವರಲ್ಲಿ ಬಹಳ ಮಂದಿ ಸ್ವಂತ ಕಾರಿನಲ್ಲಿ ಬೆಂಗಳೂರಿಗೆ ಮರಳುವವರು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಅಷ್ಟು ಕುಡಿದ ಸಾಮಾನ್ಯ ಮೈಕಟ್ಟಿನ ಯಾರೇ ಆದರೂ ಆ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಇದು ದಂಡದ ಮಾತಲ್ಲ, ಹೆದ್ದಾರಿಯಲ್ಲಿ ಬೇರೆಯವರ ಜೀವದ ಮಾತು. 30 ಮಿಲಿಲೀಟರ್ ಸುರಿಯಿರಿ, ಇಬ್ಬರಿಗೊಂದು ಉಗುಳು ಪಾತ್ರೆ ಇಡಿ, ಟಿಕೆಟ್ಟಿನಲ್ಲೇ ಬಸ್ಸಿನ ಹಣ ಸೇರಿಸಿ. ಯಾವ ಸದಸ್ಯರೂ ಬೇಡ ಎನ್ನುವುದಿಲ್ಲ. ಕೆಂಪು ವೈನನ್ನು ಶಾಮಿಯಾನದ ಸೆಕೆಯಲ್ಲಿ ಹಾಗೇ ಇಟ್ಟಿದ್ದೂ ಸರಿಯಲ್ಲ. ಅರ್ಧ ಐಸು ಅರ್ಧ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಟ್ಟರೆ 16ರಿಂದ 18 ಡಿಗ್ರಿಗೆ ಇಳಿಯುತ್ತದೆ.

ಇನ್ನು ಬಿಲ್ಲು. ವಾರ್ಷಿಕ ಶುಲ್ಕದ ಒಟ್ಟು ಮೊತ್ತಕ್ಕೆ, ವೈನಿನ ಬೆಲೆಯೂ ಸೇರಿ, ಶೇ. 18 ಜಿಎಸ್‌ಟಿ ಹಾಕಿದ್ದೀರಿ. ಸೇವನೆಯ ಮದ್ಯವನ್ನು ಸಂವಿಧಾನದ 366(12ಎ) ವಿಧಿಯೇ ಜಿಎಸ್‌ಟಿಯ ಹೊರಗಿಟ್ಟಿದೆ. ಕಾರ್ಯಕ್ರಮ, ಪ್ರವಾಸ, ಸದಸ್ಯತ್ವ ಸೇವೆಗೆ ತೆರಿಗೆ ಹಾಕಿ, ಕೊಡುತ್ತೇವೆ. ಬಾಟಲಿಯ ಬೆಲೆಯನ್ನು ಬೇರೆ ಸಾಲಿನಲ್ಲಿ ತೋರಿಸಿ ಅದರ ಮೇಲೆ ವಸೂಲಾದ ತೆರಿಗೆ ಹಿಂತಿರುಗಿಸಿ.

ನಾವು ಕೇಳುತ್ತಿರುವುದು ಇಷ್ಟು. ಬೇಸಿಗೆ ಪೆಟ್ಟಿಗೆ ಪಡೆದ ಎಲ್ಲ ಸದಸ್ಯರಿಗೂ, ದೂರು ಕೊಟ್ಟವರಿಗೆ ಮಾತ್ರವಲ್ಲ, ಬೇರೆ ಲಾಟಿನ ಬಾಟಲಿ ಕೊಡಬೇಕು ಅಥವಾ ಹಣ ಹಿಂತಿರುಗಿಸಬೇಕು. ಬದಲಿ ಕೊಡುವ ಮೊದಲು ಪ್ರತಿ ಲಾಟಿನಿಂದ ಮೇಲಿನ ಸಾಲಿನ ಒಂದು, ಕೆಳಗಿನ ಸಾಲಿನ ಒಂದು ಬಾಟಲಿ ತೆಗೆದು ಮುಕ್ತ (ಇನ್ನೂ ಖರ್ಚಾಗದೆ ಉಳಿದ) ಸಲ್ಫರ್ ಡೈಆಕ್ಸೈಡ್ ಮತ್ತು ವೋಲಟೈಲ್ ಆಸಿಡಿಟಿ (ವಿನೆಗರಿನಂಥ ಹುಳಿ) ಅಳೆಸಿ ವರದಿ ಕೊಡಿ. ತುಂಬಿದ ದಿನದ ಅಂಕಿಯನ್ನೂ ಪಕ್ಕದಲ್ಲಿಡಿ. ಮೇಲಿನ ಸಾಲಿನಲ್ಲಿ ಸಲ್ಫರ್ ಹೆಚ್ಚು ಕುಸಿದಿದ್ದರೆ ನಾವು ಹೇಳಿದ್ದು ಅಲ್ಲೇ ಸಾಬೀತಾಗುತ್ತದೆ. ಗೋದಾಮಿಗೆ ಟ್ಯಾಂಕಿಗೆ ಸಂಬಂಧವಿಲ್ಲದ ಪ್ರತ್ಯೇಕ ತಂಪು ಯಂತ್ರ ಬೇಕು, ಅದಕ್ಕೆ ಜನರೇಟರ್ ಸಂಪರ್ಕ ಬೇಕು, ಶೀಟಿನ ಕೆಳಗೆ ಶಾಖ ತಡೆಯುವ ಹೊದಿಕೆ ಬೇಕು. ಪಶ್ಚಿಮದ ಗೋಡೆಯಿಂದ ಎರಡಡಿ, ಚಾವಣಿಯಿಂದ ಮೂರಡಿ ಬಿಟ್ಟು ಪೇರಿಸಿ. ತಾಪಮಾನ ತಾನೇ ಬರೆದಿಡುವ ಲಾಗರ್ ಒಂದನ್ನು ಮೇಲಿನ ಪೆಟ್ಟಿಗೆಯ ಒಳಗೇ ಇಡಿ. ಬೆಲೆ ಕೆಲವೇ ಸಾವಿರ. ಈ ಕೆಲಸ ಮುಗಿಯುವವರೆಗೆ ಏಪ್ರಿಲ್ ಪೆಟ್ಟಿಗೆಯನ್ನು ಜನವರಿಯಲ್ಲೇ, ಕಟಾವಿಗೆ ಮೊದಲೇ, ಕೊಟ್ಟುಬಿಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಪೆಟ್ಟಿಗೆ ಕೌಂಟರ್ ದಾಟಿದ ಮೇಲೆ ಯಾವ ದೂರೂ ಸ್ವೀಕರಿಸುವುದಿಲ್ಲ ಎಂಬ ನಿಮ್ಮ ಷರತ್ತನ್ನು ತೆಗೆದುಹಾಕಬೇಕು. ಮುಚ್ಚಿದ ಬಾಟಲಿಯ ದೋಷ ತೆರೆದಾಗಲೇ ಗೊತ್ತಾಗುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಿಗೆ ಎರಡು ವರ್ಷ ಕೊಡುತ್ತದೆ. ಮೂವತ್ತು ದಿನದಲ್ಲಿ ಲಿಖಿತ ಉತ್ತರ ಬಾರದಿದ್ದರೆ ಅದೇ ಕಾಯ್ದೆಯ 35ನೇ ಕಲಮಿನಡಿ ಆಯೋಗದ ಅನುಮತಿ ಪಡೆದು ಎಲ್ಲ ಸದಸ್ಯರ ಪರವಾಗಿ ಜಿಲ್ಲಾ ಆಯೋಗದಲ್ಲಿ ಒಂದೇ ದೂರು ಹಾಕುತ್ತೇವೆ. ತೆರೆಯದ ಬಾಟಲಿಗಳನ್ನು ಲಾಟ್ ಸಂಖ್ಯೆಯ ಸಮೇತ ತಂಪಿನಲ್ಲಿ ತೆಗೆದಿಟ್ಟಿದ್ದೇವೆ. ನಿಮ್ಮ ವೈನ್‌ಮೇಕರ್ ಯಾವ ಶನಿವಾರ ಬಂದರೂ ಅವರ ಎದುರೇ ತೆರೆಯುತ್ತೇವೆ.

ಇಂತಿ,
ವೈನ್ ಕ್ಲಬ್ಬಿನ ಸದಸ್ಯರು
(ಸಹಿ ಮತ್ತು ಸದಸ್ಯತ್ವ ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ)

ಲಗತ್ತು: ಬಿರಡೆ ಮತ್ತು ಬಾಟಲಿಗಳ ಚಿತ್ರಗಳು, ಲಾಟ್ ಸಂಖ್ಯೆಗಳು, ಬಿಲ್ಲಿನ ಪ್ರತಿ, ಸದಸ್ಯತ್ವ ಪುಸ್ತಿಕೆಯ ಸಂಬಂಧಪಟ್ಟ ಪುಟ.