ಬೀಥೋವನ್ ಪುಸ್ತಕ ಬರುವ ಮುನ್ನ

ಗೆಳೆಯರೇ,

ನಾವೆಲ್ಲ ಕಾಯುತ್ತಿರುವ, ಪಾಶ್ಚಾತ್ಯ ಸಂಗೀತ ರಚನಕಾರ ಬೀಥೋವನ್‌ನ ಜೀವನಚರಿತ್ರೆ ಮುಂದಿನ ತಿಂಗಳು ಕೈಗೆ ಬರಲಿದೆ. ಈ ಲೇಖಕಿಯ ಹಿಂದಿನ ಪುಸ್ತಕ ಓದಿದವರಿಗೆ ಗೊತ್ತು, ಅವರು ಯಾರನ್ನೂ ಅಟ್ಟಕ್ಕೇರಿಸುವುದಿಲ್ಲ. ನನ್ನ ಆತುರಕ್ಕೆ ಅದೇ ಕಾರಣ.

ಕಿವುಡುತನ ಹೆಚ್ಚಿದ ಮೇಲೆ, 1818ರಿಂದ, ಬೀಥೋವನ್‌ನನ್ನು ಕಾಣಲು ಬಂದವರು ತಮ್ಮ ಮಾತನ್ನು ಪುಟ್ಟ ಪುಸ್ತಕಗಳಲ್ಲಿ ಬರೆದು ತೋರಿಸುತ್ತಿದ್ದರು. ಆತ ಹೆಚ್ಚಾಗಿ ಬಾಯಲ್ಲೇ ಉತ್ತರಿಸುತ್ತಿದ್ದ. ಹಾಗಾಗಿ ಪುಟದ ತುಂಬ ಪ್ರಶ್ನೆಗಳು, ಉತ್ತರ ಮಾತ್ರ ಗಾಳಿಪಾಲು. ಸಾಲದ್ದಕ್ಕೆ, 1827ರಲ್ಲಿ ಆತ ತೀರಿಕೊಂಡ ಮೇಲೆ ಆ ಪುಸ್ತಕಗಳು ಸೇರಿದ್ದು ಸಹಾಯಕ ಆಂಟನ್ ಶಿಂಡ್ಲರ್ ಕೈಗೆ. ಆ ಮಹಾಶಯ ಖಾಲಿ ಜಾಗದಲ್ಲಿ ತಾನೇ ಮಾತುಗಳನ್ನು ತುರುಕಿದ, 1840ರಲ್ಲಿ ಜೀವನಚರಿತ್ರೆಯನ್ನೂ ಪ್ರಕಟಿಸಿದ. ಕೈಚಳಕ ಬಯಲಾದದ್ದು 1970ರ ದಶಕದಲ್ಲಿ! ಬೀಥೋವನ್‌ನ ಐದನೆಯ ಸಿಂಫನಿಯ (ದೊಡ್ಡ ವಾದ್ಯವೃಂದದ ಕೃತಿ) ಆರಂಭ ‘ವಿಧಿ ಬಾಗಿಲು ತಟ್ಟುವ ಸದ್ದು’ ಎಂಬ ಕಥೆಯೂ ಅವನ ಬತ್ತಳಿಕೆಯದೇ. (ನಾನೂ ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಕ್ಷಮಿಸಿ.) ಈ ಶಿಂಡ್ಲರನನ್ನು ನಮ್ಮ ಲೇಖಕಿ ಹೇಗೆ ವಿಚಾರಿಸಿಕೊಳ್ಳುತ್ತಾರೆ ಎಂಬುದೇ ನನ್ನ ಕುತೂಹಲ.

ಈಗ ಸೂಚನೆ. ಕದ್ದ ಪಿಡಿಎಫ್ ಯಾರೂ ಇಲ್ಲಿ ಹಾಕಬೇಡಿ. ಮೊದಲು ಓದಿ ಮುಗಿಸಿದವರು ಎರಡು ವಾರ ಬಾಯಿಗೆ ಬೀಗ ಹಾಕಿಕೊಳ್ಳಿ. ಅಲ್ಲಿಯವರೆಗೆ ಆತನ ಓಪಸ್ (ಕೃತಿ ಸಂಖ್ಯೆ) 131 ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, ಕೇಳಿರಿ: ಏಳು ಭಾಗಗಳು ಬಿಡುವಿಲ್ಲದೆ ಸುಮಾರು 40 ನಿಮಿಷ ಸಾಗುತ್ತವೆ. ಅಷ್ಟು ಹೊತ್ತು ಈ ಗುಂಪನ್ನೂ ಮೌನದಲ್ಲಿಡಿ.